ಎರಡು ಬರೆ

ಪೀಣ್ಯ ಎರಡನೇ ಹಂತ. ಮಧ್ಯಾಹ್ನದ ಕ್ಯಾಂಟೀನು.
ಅನ್ನ ಸಾರು ಮುಗಿದು ಮಜ್ಜಿಗೆ ಬರುವ ಹೊತ್ತು.
ಗಂಗಹುಚ್ಚಯ್ಯ ಅರಿಶಿನ ಹಚ್ಚಿದ ಕಾರ್ಡು ಹಂಚುತ್ತಿದ್ದ,
ಬಲಗೈಯಲ್ಲಿ ಉಳಿದ ಎರಡು ಬೆರಳಿಗೆ ಹೆಬ್ಬೆರಳು ಕೊಟ್ಟು
ಇಸ್ಪೀಟಿನ ಎಲೆ ಹಿಡಿದ ಹಾಗೆ ಹಿಡಿದು.

ಹೋದ ಬೆರಳ ಮೇಲೆ ಜೋಕು ನಮ್ಮಲ್ಲಿ ಹೊಸದಲ್ಲ.
ಹನ್ನೊಂದು ವರ್ಷ ಅವನೇ ಹೇಳಿ ನಗಿಸಿದ್ದ:
'ಪ್ರೆಸ್ಸಿಗೆ ಎರಡು ಬೆರಳು ಸಾಲ ಕೊಟ್ಟೀನಿ,
ಬಡ್ಡೀನೂ ಬಂದಿಲ್ಲ ಕಣ್ರಪ್ಪ.'
ಬೋನಸ್ಸಿನ ದಿನ ಬೆರಳು ಮಡಿಚಿ ಎಣಿಸುತ್ತ ಎಂಟಕ್ಕೆ ನಿಂತು
'ಇಷ್ಟೇನಾ?' ಅಂತ ಕ್ಯಾಷಿಯರನ ಮುಖ ನೋಡುತ್ತಿದ್ದ.
ಗಾಯ ಅವನದು, ಜೋಕೂ ಅವನದು.
ನಾವು ಅದರೊಳಗೆ ಬಾಡಿಗೆಗಿದ್ದವರು.

ಅವತ್ತು ಯತಿರಾಜು ಕಾರ್ಡು ತಿರುವಿ ನೋಡಿ
'ಧಾರೆಗೆ ಬೊಗಸೆ ಒಡ್ಡಬೇಕಲ್ಲ ಹುಚ್ಚಯ್ಯ,
ನಿನ್ನ ಕೈಲಿ ನಿಂತಷ್ಟು ಅಳಿಯನಿಗೆ,
ಸಂದೀಲಿ ಸೋರಿದ್ದು ಊರೋರಿಗೆ' ಅಂದ.

ನಕ್ಕೆವು.
ನಲವತ್ತು ಜನ. ನಾನೂ.
ಅರ್ಥ ಆಗುವ ಮೊದಲೇ ಬಾಯಿ ನಕ್ಕಿತ್ತು ಅಂತ
ಆಮೇಲೆ ಹೆಂಡತಿಗೆ ಹೇಳಿದೆ. ಸುಳ್ಳು.
ಅರ್ಥ ಆಗಿಯೇ ನಕ್ಕಿದ್ದೆ.

ಏಟು ಬಿದ್ದದ್ದು ಕೇಳಿಸಲಿಲ್ಲ, ನಗು ಅಷ್ಟಿತ್ತು.
ಯತಿರಾಜು ಹೋಗಿ ಮಜ್ಜಿಗೆ ಡ್ರಮ್ಮಿಗೆ ಬಿದ್ದ,
ಬಿಳಿ ಹರಿದು ನಮ್ಮ ಬೂಟಿನ ತನಕ ಬಂತು.
ಕೆನ್ನೆಯ ಮೇಲೆ ಎರಡೇ ಬರೆ.
ಯಾರ ಕೈ ಎಂದು ಸಾಕ್ಷಿ ಹೇಳಬೇಕಿರಲಿಲ್ಲ.

ಆದರೂ ನನ್ನನ್ನು ಕರೆದರು.
'ಕಲಂ ಹದಿನೇಳು, ಆವರಣದೊಳಗೆ ಹಲ್ಲೆ.'
ಜೋಕಿಗೆ ಕಲಂ ಇಲ್ಲ.
'ಅವರು ಅಂದದ್ದೇನು? ಇದ್ದದ್ದು ಇದ್ದ ಹಾಗೆ ಹೇಳಿ.'
ಹೇಳಿದೆ.
ಬರೆದುಕೊಳ್ಳುತ್ತಿದ್ದ ಗುಮಾಸ್ತ ಕೆಮ್ಮಿದ ಹಾಗೆ ಮಾಡಿ
ಮುಖ ಕಿಟಕಿಗೆ ತಿರುಗಿಸಿದ. ಭುಜ ಅಲುಗುತ್ತಿತ್ತು.
ಹತ್ತು ದಿನ ಕಳೆದರೂ ಅದಕ್ಕಿನ್ನೂ ಜೀವವಿತ್ತು.
ಮೇಜಿನ ಕೆಳಗೆ, ಒಂದು ಗಳಿಗೆ,
ನನ್ನ ಐದೂ ಬೆರಳು ಮುಷ್ಟಿಯಾದವು.

'ಹೊಡೆದದ್ದು ಸರಿ ಅಂತೀರಾ?'
ನಾನು ಅಳತೆಯ ಮನುಷ್ಯ, ಜೇಬಲ್ಲಿ ವರ್ನಿಯರ್ ಇಟ್ಟವನು.
ಒಂದೊಂದು ಬುಷ್ಷಿಗೂ ಡ್ರಾಯಿಂಗಿನಲ್ಲಿ ಬರೆದಿರುತ್ತದೆ,
ಎಷ್ಟು ಹೆಚ್ಚುಕಮ್ಮಿಯಾದರೂ ತಡೆದುಕೊಳ್ಳುತ್ತದೆ ಅಂತ.
ಗಂಗಹುಚ್ಚಯ್ಯನದು ಎಲ್ಲಿ ಬರೆದಿತ್ತು?
'ಮಾತಿಗೆ ಮಾತು ಆಡಬಹುದಿತ್ತು' ಅಂದೆ.
ಯಾವ ಮಾತು ಅಂತ ಅವರು ಕೇಳಲಿಲ್ಲ. ಪುಣ್ಯ.

ಈಗ ಯತಿರಾಜುವಿಗೆ ಎಡಗಿವಿ ಕೇಳುವುದಿಲ್ಲ.
ಪ್ರೆಸ್ ಷಾಪಿನಲ್ಲಿ ಕಿವಿ ಎಂದರೆ ಬೆರಳು:
ಡೈ ಇಳಿಯುವ ಮುನ್ನ ಗಾಳಿ ಉಸ್ಸೆನ್ನುವುದು ಕೇಳಬೇಕು,
ಕೇಳದಿದ್ದರೆ ಏನಾಗುತ್ತದೆಂದು
ಗಂಗಹುಚ್ಚಯ್ಯನನ್ನು ಕೇಳಿ.
ಸಸ್ಪೆನ್ಷನ್ ಮುಗಿಸಿ ಬಂದವನು
ಸೂಪರ್‌ವೈಸರನ ಕಾಲು ಕಟ್ಟದ ಹಾಗೆ ಬೇಡಿ
ಮೆಷಿನ್ನು ಬದಲಾಯಿಸಿಕೊಂಡ: ಯತಿರಾಜುವಿನ ಎಡಕ್ಕೆ.
ಮಾತಿಲ್ಲ. ಕ್ಷಮೆ ಇವನೂ ಕೇಳಿಲ್ಲ, ಅವನೂ ಕೇಳಿಲ್ಲ.
ಫೋರ್ಕ್‌ಲಿಫ್ಟ್ ಬಂದಾಗ ಮಾತ್ರ ಹೆಗಲು ತಟ್ಟುತ್ತಾನೆ,
ಅದೇ ಕೈಯಿಂದ.
ಪ್ರತಿ ಸಲವೂ ಯತಿರಾಜು ಬೆಚ್ಚುತ್ತಾನೆ.

ಮದುವೆಗೆ ಹೋಗಿದ್ದೆ, ದಾಸರಹಳ್ಳಿಯ ಛತ್ರಕ್ಕೆ.
ಗಟ್ಟಿಮೇಳ ಎದ್ದಾಗ, ನೋಡಬಾರದು ಅಂತಲೇ
ಅವನ ಕೈ ನೋಡಿದೆ.
ನೀರು ಸೋರಿತು.
ಎಲ್ಲರ ಬೊಗಸೆಯಲ್ಲೂ ಸೋರುತ್ತದೆ,
ಕೆಳಗೆ ಹರಿವಾಣ ಇಟ್ಟಿರುವುದೇ ಅದಕ್ಕೆ.
ಇಷ್ಟನ್ನು ಅವತ್ತು ಅನ್ನಬಹುದಿತ್ತು, ಯಾರಾದರೂ.
ನಲವತ್ತು ಬಾಯಿದ್ದವು. ಒಂದೂ ಖಾಲಿಯಿರಲಿಲ್ಲ.

ಅಕ್ಷತೆ ಹಾಕುವಾಗ ಹುಡುಗಿ ತಲೆಯೆತ್ತಿ
ನನ್ನ ನೋಡಿ ನಕ್ಕಳು.
ತಿರುಗಿ ನಗಲು ನನ್ನ ಮುಖಕ್ಕೆ
ಸ್ವಲ್ಪ ಹೊತ್ತು ಹಿಡಿಯಿತು.